ಸೂರ್ಯ ಹುಟ್ಟುವ ಮುಂಚಿನ ಮಂಗಳವಾರ

ಮೈಲಾಪೂರಿನ ನಮ್ಮ ಮನೆಯ ಮಹಡಿಗೆ ಘಾನಾ ದೇಶದ ಗಂಡ ಹೆಂಡತಿ ಬಾಡಿಗೆಗೆ ಬಂದದ್ದು ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನನಗಾಗ ಅರವತ್ತಾರು. ಅಂಬತ್ತೂರಿನ ಫ್ಯಾಕ್ಟರಿಯೊಂದರಲ್ಲಿ ಮೂವತ್ತು ವರ್ಷ ದುಡಿದ ನಮ್ಮ ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ನಮಗೆ ಮಕ್ಕಳಾಗಲಿಲ್ಲ. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಇಲ್ಲಿಗೆ ಸೊಸೆಯಾಗಿ ಬಂದು, ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇಂಗ್ಲಿಷ್ ಹೇಳಿಕೊಟ್ಟು ರಿಟೈರ್ ಆದವಳು. ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಬರೆಯುವುದು ವಾರಗಳ ಹೆಸರು ಮಾತ್ರ.

ನಮ್ಮ ಮನೆಗೆ ಬರುವ ಮುಂಚೆ ಅವರು ಆ ಸುತ್ತಿನಲ್ಲಿ ಎಷ್ಟೋ ಮನೆ ಹತ್ತಿ ಇಳಿದಿದ್ದರು. ನಾನ್‌ವೆಜ್ ಆಗಲ್ಲ ಅಂದವರು ಕೆಲವರು, ನಮ್ಮ ನೆಂಟರೇ ಬರ್ತಿದ್ದಾರೆ ಅಂದವರು ಕೆಲವರು, ಬಾಗಿಲನ್ನೂ ತೆಗೆಯದೆ ಕಿಟಕಿಯಿಂದಲೇ ಕೈಯಾಡಿಸಿ ಹೋಗಿ ಅಂದವರು ಕೆಲವರು. ನಾನೇನೂ ದೊಡ್ಡ ಮನಸ್ಸಿನವಳಲ್ಲ. ಗೇಟಿನ ಆಚೆ ಅಷ್ಟೆತ್ತರದ ಇಬ್ಬರನ್ನು ಕಂಡಾಗ ನನ್ನ ಎದೆಯೂ ಧಸಕ್ಕೆಂದಿತ್ತು. ಆದರೆ ಆ ಹುಡುಗಿ, "ಗುಡ್ ಈವ್ನಿಂಗ್, ಮ್ಯಾಡಂ. ಮೇ ವಿ ಕಮ್ ಇನ್, ಆರ್ ಶಲ್ ವಿ ವೇಟ್ ಹಿಯರ್?" ಅಂದಳು. ಆ 'ಶಲ್' ಕೇಳಿದ್ದೇ ನನಗೆ ಗೊತ್ತಾಯಿತು. ಹಾಗೆ ಹೇಳಿಕೊಡುವವರು ಲೋಕದಲ್ಲಿ ಒಂದೇ ಜಾತಿಯವರು.

"ಯಾವ ನನ್‌ಗಳು ಕಲಿಸಿದ್ದು ನಿನಗೆ?" ಅಂದೆ.

ಅವಳು ಜೋರಾಗಿ ನಕ್ಕಳು. "ಐರಿಷ್, ಮ್ಯಾಡಂ. ನಿಮಗೆ?"

"ನಮಗೂ ಅವರೇ. ಒಳಗೆ ಬನ್ನಿ."

ಮಾರನೆಯ ದಿನವೇ ಪಕ್ಕದ ಮನೆ ಮಾಮಿ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದಳು. "ಎನ್ನ ಮಾಮಿ, ಬೇರೆ ಯಾರೂ ಸಿಗಲಿಲ್ಲವಾ ನಿಮಗೆ?"

"ಸಿಕ್ಕಿದ್ರು ಮಾಮಿ. ಅವರ್ಯಾರಿಗೂ ಪ್ಲೀಸ್, ಥ್ಯಾಂಕ್ಯೂ ಬರ್ತಿರಲಿಲ್ಲ" ಅಂದೆ. ಮಾಮಿ ಮೂರು ವಾರ ನನ್ನ ಜೊತೆ ಮಾತು ಬಿಟ್ಟಳು.

ಅವಳ ಗಂಡನನ್ನು ಕ್ರೋಂಪೇಟೆಯ ಟ್ಯಾನರಿಯೊಂದರಲ್ಲಿ ಚರ್ಮ ಹದ ಮಾಡುವುದನ್ನು ಕಲಿಯಲು ಅವರ ಸರ್ಕಾರ ಕಳಿಸಿತ್ತು. ಬಹಳ ಸಾಧು ಮನುಷ್ಯ, ಮಾತು ಕಡಿಮೆ. ಸಂಜೆ ಅವನು ಮೆಟ್ಟಿಲು ಹತ್ತಿದರೆ ಅವನ ಹಿಂದೆಯೇ ಸುಣ್ಣದ, ತೊಗಲಿನ ವಾಸನೆ ಮಹಡಿಗೆ ಹೋಗುತ್ತಿತ್ತು. ಮೊದಲ ವಾರ ನಾನು ಮೆಟ್ಟಿಲ ಬಳಿ ಊದಿನಕಡ್ಡಿ ಹಚ್ಚಿಟ್ಟೆ. ಆಮೇಲೆ ಮರೆತೆ.

ಅವಳ ಪಾಸ್‌ಪೋರ್ಟಿನಲ್ಲಿ ಒಂದು ಸಂತಳ ಹೆಸರಿತ್ತು. "ಅದು ಸ್ಕೂಲಿಗೆ, ಆಂಟಿ. ಮನೆಯಲ್ಲಿ ನಾನು ಅಮಾ" ಅಂದಳು. ಶನಿವಾರ ಹುಟ್ಟಿದ ಹೆಣ್ಣು ಅಂತ ಅರ್ಥ. ಅವರ ಕಡೆ, ಅಕಾನ್ ಜನರಲ್ಲಿ, ಮಗುವಿಗೆ ಹೆಸರು ಯಾರೂ ಹುಡುಕಬೇಕಾಗಿಲ್ಲ. ಹುಟ್ಟಿದ ವಾರವೇ ಹೆಸರನ್ನು ತರುತ್ತದೆ. ಸೋಮವಾರದವಳು ಅಜೋವಾ, ಮಂಗಳವಾರದವಳು ಅಬೆನಾ, ಬುಧವಾರದವಳು ಅಕುವಾ, ಗುರುವಾರದವಳು ಯಾ, ಶುಕ್ರವಾರದವಳು ಎಫುವಾ, ಭಾನುವಾರದವಳು ಅಕೊಸುವಾ. ಅದು ಆತ್ಮದ ಹೆಸರು. ಮಿಕ್ಕ ಹೆಸರುಗಳನ್ನೆಲ್ಲ ಮೇಲಿಂದ ತೊಡಿಸುವುದು, ಯೂನಿಫಾರ್ಮಿನ ಹಾಗೆ.

ಶನಿವಾರ ಅಂದಾಗ ನನ್ನ ಮುಖ ಒಂದಿಷ್ಟು ಸಣ್ಣಗಾಗಿರಬೇಕು. ನಮ್ಮ ಮನೆಗಳಲ್ಲಿ ಶನಿವಾರ ಹೆಣ್ಣು ಹುಟ್ಟಿದರೆ ವಾರದ ಮಾತನ್ನೇ ಎತ್ತುತ್ತಿರಲಿಲ್ಲ. ಅವಳಿಗೆ ಅದರ ಸುಳಿವೂ ಇರಲಿಲ್ಲ. ಬೆಳಿಗ್ಗೆ ಹಾಲಿನವನು ಗೇಟಿನ ಹತ್ತಿರ "ಅಮ್ಮಾ" ಎಂದು ಕೂಗಿದರೆ ಧಡಧಡ ಇಳಿದು ಬರುತ್ತಿದ್ದಳು. ಈ ಊರಿನಲ್ಲಿ ತನ್ನನ್ನು ಹೆಸರು ಹಿಡಿದು ಕರೆಯುವವನು ಇವನೊಬ್ಬನೇ ಎಂದು ನಗುತ್ತಿದ್ದಳು.

ಮಧ್ಯಾಹ್ನಗಳಲ್ಲಿ ಅವಳು ಕೆಳಗೆ ಬಂದು ನನ್ನ ಅಡಿಗೆಮನೆಯ ಹೊಸ್ತಿಲ ಮೇಲೆ ಕೂರುವಳು. ಆಗ ಅವಳಿಗೆ ನಾಲ್ಕು ತಿಂಗಳು. ನಾನು ಹುರುಳಿಕಾಯಿ ಹೆಚ್ಚುತ್ತಿದ್ದರೆ ಅವಳು ವಾರದ ಹೆಂಗಸರ ಕಥೆ ಹೇಳುತ್ತಿದ್ದಳು. ಗುರುವಾರದವಳೊಬ್ಬಳು ರಾಜಮಾತೆ. ಅವರ ಜನರ ಪ್ರಾಣವೇ ಆಗಿದ್ದ ಚಿನ್ನದ ಪೀಠವನ್ನು ಇಂಗ್ಲಿಷರು ಕೇಳಿದಾಗ ಗಂಡಸರೆಲ್ಲ ಸಭೆಯಲ್ಲಿ ನೆಲ ನೋಡುತ್ತ ಕೂತಿದ್ದರಂತೆ. ಈಕೆ ಎದ್ದು, ನೀವು ಹೋಗದಿದ್ದರೆ ನಾವು ಹೆಂಗಸರು ಹೋಗುತ್ತೇವೆ ಎಂದು ದಂಡು ಕಟ್ಟಿದಳಂತೆ. ಕೊನೆಗೆ ಇಂಗ್ಲಿಷರು ಹಿಡಿದು ಸಮುದ್ರದ ನಡುವಿನ ದ್ವೀಪಕ್ಕೆ ಕಳಿಸಿದರು. ಅಲ್ಲೇ ಸತ್ತಳು.

"ಪೀಠ?" ಅಂದೆ.

"ಸಿಗಲಿಲ್ಲ ಅವರಿಗೆ. ಅವಳು ಹೋದಳು, ಅದು ಉಳಿಯಿತು."

ಶುಕ್ರವಾರದವಳೊಬ್ಬಳು ಮಕ್ಕಳಿಗಾಗಿ ರಂಗಮಂದಿರ ಕಟ್ಟಿದವಳು. ಶನಿವಾರದವಳೊಬ್ಬಳು ಕಾಲೇಜಿನಲ್ಲಿರುವಾಗಲೇ ನಾಟಕ ಬರೆದವಳು. ಅವಳ ವಿಷಯ ಹೇಳುವಾಗ ಈ ಹುಡುಗಿ ಬೆನ್ನು ನೆಟ್ಟಗೆ ಮಾಡಿಕೊಂಡು, ತನ್ನದೇ ಅಕ್ಕನೇನೋ ಎಂಬಂತೆ ಕೂರುವಳು. ಬುಧವಾರದವಳೊಬ್ಬಳಿಗೆ ಮಕ್ಕಳಿರಲಿಲ್ಲ. ಮರದ ಮಗು ಕೆತ್ತಿಸಿ ಬೆನ್ನಿಗೆ ಕಟ್ಟಿಕೊಂಡು ಓಡಾಡಿದಳು, ಊರೆಲ್ಲ ನಕ್ಕಿತು, ಆಮೇಲೆ ಹೆಣ್ಣುಮಗು ಹೆತ್ತಳು.

"ಮಂಗಳವಾರದವರಲ್ಲಿ ಯಾರೂ ಇಲ್ಲವಾ?" ಅಂದೆ.

"ನಮ್ಮ ಅಜ್ಜಿ! ಮೂರು ದೋಣಿ ಇತ್ತು ಅವಳಿಗೆ, ಆಂಟಿ. ಮೀನಿನ ಮಾರ್ಕೆಟ್ಟಿನಲ್ಲಿ ಗಂಡಸರು ಅವಳನ್ನು ಕಂಡರೆ ದಾರಿ ಬಿಡ್ತಿದ್ರು. ನಿಮ್ಮದು ಯಾವ ವಾರ?"

ನನಗೆ ಗೊತ್ತಿರಲಿಲ್ಲ. ಮೈಸೂರಿಗೆ ಅಣ್ಣನಿಗೆ ಫೋನ್ ಮಾಡಿದೆ. "ಈಗ್ಯಾಕೆ ಬೇಕಾಯ್ತೇ ವಾರ? ಇನ್ನೊಂದು ಮದುವೆ ಏನಾದ್ರೂ ನೋಡಿದ್ದೀಯಾ?" ಅಂದ. ಅಪ್ಪನ ಹಳೆಯ ನೋಟ್‌ಬುಕ್ ಹುಡುಕಿ ಮತ್ತೆ ಮಾತಾಡಿದ. "ಸೋಮವಾರ, ಸೂರ್ಯೋದಯ ಆಗಿ ಹತ್ತು ನಿಮಿಷ. ಸ್ವಲ್ಪ ಅವಸರ ಮಾಡಿದ್ದಿದ್ರೆ ಭಾನುವಾರದ ಲೆಕ್ಕಕ್ಕೆ ಹೋಗ್ತಿದ್ದೆ. ಸೂರ್ಯ ಬರೋವರೆಗೂ ಹಿಂದಿನ ವಾರಾನೇ ಅಲ್ವಾ."

ಇದು ನಮಗೆ ಉಸಿರಾಟದಷ್ಟು ಸಹಜವಾದ ಲೆಕ್ಕ. ಜಾತಕ ಬರೆಸುವಾಗ, ತಿಥಿ ನೋಡುವಾಗ, ಬೆಳಗಿನ ಜಾವ ಮೂರು ಗಂಟೆಯೋ ನಾಲ್ಕು ಗಂಟೆಯೋ ಆದರೆ ಅದು ಹಿಂದಿನ ದಿನ. ನಾನು ಅದನ್ನು ಯೋಚಿಸಿ ನಂಬಿದವಳಲ್ಲ. ಯೋಚನೆ ಮಾಡದೆ ನಂಬಿದ್ದೆ, ಅಷ್ಟೆ.

"ಹಾಗಾದ್ರೆ ನೀವು ಅಜೋವಾ. ಸೋಮವಾರದವರು ಶಾಂತ ಸ್ವಭಾವದವರು, ಯಾರಿಗೂ ನೋವು ಮಾಡಲ್ಲ" ಅಂದಳು ಹುಡುಗಿ.

ಒಂದು ದಿನ ಅವಳು ಎಂಟು ದಿನದ ವಿಷಯ ಹೇಳಿದಳು. ಹೊಟ್ಟೆ ಮೇಲೆ ಕೈಯಿಟ್ಟುಕೊಂಡು, ಹವಾಮಾನದ ವಿಷಯ ಹೇಳುವಷ್ಟು ಸಾದಾ ದನಿಯಲ್ಲಿ.

"ಹುಟ್ಟಿದ ಏಳು ದಿನ ಮಗು ನಮ್ಮದಲ್ಲ, ಆಂಟಿ. ಅತಿಥಿ. ಇರುತ್ತೋ ಹೋಗುತ್ತೋ ಅದರ ಇಷ್ಟ. ಹೊರಗೆ ತರಲ್ಲ. ವಾರದ ಹೆಸರು ಹಿಡಿದು ಕರೀತಾ ಇರ್ತೀವಿ, ಉಳ್ಕೋ ಅಂತ. ಎಂಟನೇ ದಿನ ಬೆಳಿಗ್ಗೆ ಅಂಗಳಕ್ಕೆ ತಂದು ಆಕಾಶ ತೋರಿಸ್ತೀವಿ. ನಾಲಿಗೆ ಮೇಲೆ ಒಂದು ಹನಿ ನೀರು, ಒಂದು ಹನಿ ಹೆಂಡ. ಅವತ್ತಿನಿಂದ ಅದು ಮನುಷ್ಯ."

"ಅದಕ್ಕೆ ಮುಂಚೆ ಹೋದ್ರೆ?"

"ಬಂದು ನೋಡಿ ಹೋಯ್ತು ಅಂತೀವಿ. ಅಳಬಾರದು. ತಾಯಿಯಂತೂ ಅಳಲೇಬಾರದು. ಅತ್ತರೆ ಮುಂದಿನವೂ ಹಾಗೇ ಬಂದು ಹೋಗ್ತವೆ." ಹೊಟ್ಟೆ ಮೇಲಿನ ಕೈ ತೆಗೆಯದೆ ಹೇಳಿದಳು, "ನನ್ನ ಮೊದಲನೆಯದು ಮೂರನೇ ದಿನ ಹೋಯ್ತು. ನಮ್ಮಮ್ಮ ನನಗೆ ಬಿಳಿ ಬಟ್ಟೆ ಉಡಿಸಿದ್ರು, ಹಬ್ಬಕ್ಕೆ ಉಡಿಸೋ ಹಾಗೆ. ಕಡಲೆಕಾಯಿ ಸಾರು ಮಾಡಿ ತಟ್ಟೆ ಮುಂದಿಟ್ಟರು. ನಾನು ಊಟ ಮಾಡಿದೆ. ಅಳಲಿಲ್ಲ."

ನಾನು ಕೈಲಿದ್ದ ಚಾಕು ಕೆಳಗಿಟ್ಟೆ. ನಮ್ಮಲ್ಲೂ ಎಳೆಗೂಸು ಹೋದರೆ ಸುಡುವುದಿಲ್ಲ, ಹೂಳುತ್ತಾರೆ, ಶ್ರಾದ್ಧವಿಲ್ಲ. ಆದರೆ ಅಳಬೇಡ ಎಂದು ತಾಯಿಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ.

"ಹೆರಿಗೆ ಹೊತ್ತಿಗೆ ನನ್ನ ಕಡೆಯವರು ಯಾರೂ ಇರಲ್ಲ. ನನಗೆ ಎಚ್ಚರ ಇಲ್ಲದೇ ಹೋದ್ರೆ ನೀವೇ ಕರೀಬೇಕು, ಆಂಟಿ. ಮೊದಲನೇ ದಿನದಿಂದಲೇ. ಪ್ರಾಮಿಸ್?"

"ಪ್ರಾಮಿಸ್" ಅಂದೆ.

ಏಳನೆಯ ತಿಂಗಳು ಮುಗಿಯುವಾಗ ಅವಳ ಮಾವ ತೀರಿಕೊಂಡರೆಂದು ಸುದ್ದಿ ಬಂತು. ಹಿರಿಯ ಮಗನೇ ಮಣ್ಣು ಮಾಡಬೇಕು, ಗಂಡ ಊರಿಗೆ ಹೋದ. ಅವನು ಹೋದ ಐದನೆಯ ದಿನ, ಮಂಗಳವಾರ ಸಂಜೆ, ಮಹಡಿಯಲ್ಲಿ ಏನೋ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಹುಡುಗಿ ನೆಲದ ಮೇಲೆ, ಕಾಲು ಊದಿ, ಕಣ್ಣು ಮೇಲಾಗಿ, ಮೈ ಬಿಲ್ಲಿನ ಹಾಗೆ ಸೆಟೆದುಕೊಂಡಿತ್ತು. ಪಕ್ಕದ ಮಾಮಿಯೇ ಓಡಿಬಂದು ಆಟೋ ತರಿಸಿದಳು. ನಾವಿಬ್ಬರೂ ಸೇರಿ ಅವಳನ್ನು ಹತ್ತಿರದ ನರ್ಸಿಂಗ್ ಹೋಮಿಗೆ ಸಾಗಿಸಿದೆವು. ಬಿ.ಪಿ. ಏರಿ ಫಿಟ್ಸ್ ಬಂದಿದೆ, ಆಪರೇಷನ್ ಮಾಡಬೇಕಾಗಬಹುದು ಎಂದ ಡಾಕ್ಟರಮ್ಮ ನನ್ನಿಂದಲೇ ಸೈನ್ ಮಾಡಿಸಿಕೊಂಡರು. ರಿಲೇಷನ್‌ಶಿಪ್ ಎಂಬ ಜಾಗದಲ್ಲಿ ಏನು ಬರೆಯುವುದೆಂದು ತೋಚದೆ 'ಆಂಟಿ' ಎಂದು ಬರೆದೆ. ಆಮೇಲೆ ಮನೆಗೆ ಹೋಗಿ ಬೆಳಿಗ್ಗೆ ಬನ್ನಿ ಎಂದು ಕಳಿಸಿಬಿಟ್ಟರು.

ಬೆಳಿಗ್ಗೆ ಆರೂವರೆಗೆ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಹೋದೆ. ಆಯಾ ಮೆಟ್ಟಿಲಲ್ಲೇ ಸಿಕ್ಕಿದಳು. ಹೆಣ್ಣುಮಗು, ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಆಯಿತು, ಬಹಳ ಸಣ್ಣದು, ಪೆಟ್ಟಿಗೆಯಲ್ಲಿಟ್ಟಿದ್ದಾರೆ, ತಾಯಿಗೆ ಎಚ್ಚರವಿಲ್ಲ ಎಂದಳು. ನಾನು ಅಲ್ಲೇ, ಒಂದು ಕೈ ಕಟಕಟೆ ಮೇಲಿಟ್ಟುಕೊಂಡು ಲೆಕ್ಕ ಹಾಕಿದೆ. ನಾಲ್ಕು ಹತ್ತು. ಸೂರ್ಯ ಹುಟ್ಟಿರಲಿಲ್ಲ.

"ಹಾಗಾದ್ರೆ ಮಂಗಳವಾರ" ಅಂದೆ.

"ಆಮಾಮ್ಮಾ, ಸೆವ್ವಾಯ್ ತಾನ್" ಎಂದು ಆಯಾ ಒಪ್ಪಿದಳು. ಮಂಗಳವಾರದ ಹೆಣ್ಣು, ಹಟ ಜಾಸ್ತಿ, ಹೇಗೋ ಬದುಕಿಕೊಳ್ಳುತ್ತೆ ನೋಡಿ ಎಂದು ಧೈರ್ಯವನ್ನೂ ಹೇಳಿದಳು.

ಗಾಜಿನ ಪೆಟ್ಟಿಗೆಯಲ್ಲಿದ್ದದ್ದು ನನ್ನ ಅಂಗೈಗಿಂತ ಒಂದಿಷ್ಟು ದೊಡ್ಡದು. ಮೂಗಿಗೆ ನಳಿಕೆ, ಕಾಲಿಗೆ ಪಟ್ಟಿ. ಎದೆ ಮಾತ್ರ ಹಕ್ಕಿಯ ಹಾಗೆ ಹೊಡೆದುಕೊಳ್ಳುತ್ತಿತ್ತು. ನಾನು ಪೆಟ್ಟಿಗೆಯ ದುಂಡನೆಯ ಕಿಂಡಿಗೆ ಬಾಯಿ ಹತ್ತಿರ ತಂದು, ನರ್ಸು ಆ ಕಡೆ ತಿರುಗಿದ್ದಾಗ, "ಅಬೆನಾ" ಎಂದು ಕರೆದೆ. ಜನ್ಮದಲ್ಲಿ ನಾನು ಕರೆದ ಮೊದಲ ಮಗು ಅದು. ಸ್ಕೂಲಿನಲ್ಲಿ ಅಟೆಂಡೆನ್ಸ್ ಕರೆದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ.

ಹುಡುಗಿಗೆ ಸರಿಯಾಗಿ ಎಚ್ಚರವಾದದ್ದು ಶುಕ್ರವಾರ. ನಾಲಿಗೆ ಕಚ್ಚಿ ಗಾಯವಾಗಿತ್ತು, ಮಾತು ತೊದಲುತ್ತಿತ್ತು. ಮೊದಲು ಕೇಳಿದ್ದು ಮಗು ಇದೆಯಾ ಎಂದು. ಎರಡನೆಯದು, ಯಾವ ವಾರ ಎಂದು.

"ಮಂಗಳವಾರ. ನಾನು ಕರೀತಾನೇ ಇದ್ದೀನಿ. ದಿನಕ್ಕೆರಡು ಸಲ" ಅಂದೆ.

"ಅಬೆನಾ" ಎಂದಳು, ಅಜ್ಜಿಯ ಹೆಸರು ಬಂತೆಂಬ ಸಂತೋಷಕ್ಕೆ ಆ ಗಾಯದ ಬಾಯಲ್ಲೇ ನಗುತ್ತ. ಅವಳಿಗೆ ಅನುಮಾನವೇಕೆ ಬರಬೇಕು? ಬಿದ್ದದ್ದು ಮಂಗಳವಾರ ಅನ್ನುವುದಷ್ಟೇ ಅವಳಿಗೆ ನೆನಪು. ಪೆಟ್ಟಿಗೆಗೆ ಅಂಟಿಸಿದ ಕಾರ್ಡಿನಲ್ಲಿ ತಾರೀಖಿತ್ತು, ವಾರವಿರಲಿಲ್ಲ. ಶನಿವಾರದಿಂದ ಅವಳನ್ನು ಚಕ್ರದ ಕುರ್ಚಿಯಲ್ಲಿ ಮಗುವಿನ ಹತ್ತಿರ ಕರೆದುಕೊಂಡು ಹೋದರು. ಕಿಂಡಿಯೊಳಗೆ ಬೆರಳು ತೂರಿಸಿ, "ಅಬೆನಾ, ಅಬೆನಾ, ಸ್ಟೇ" ಎಂದು ಅವರ ಭಾಷೆ, ನಮ್ಮ ನನ್‌ಗಳ ಭಾಷೆ ಎರಡನ್ನೂ ಬೆರೆಸಿ ಕರೆಯುತ್ತಿದ್ದಳು.

ಸೋಮವಾರ ನರ್ಸಿಂಗ್ ಹೋಮಿನ ಆಫೀಸಿನಲ್ಲಿ ಜನನದ ಫಾರಂ ತುಂಬಲು ನನ್ನನ್ನು ಕರೆದರು. ಅಲ್ಲಿದ್ದ ಗುಮಾಸ್ತ ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ತಾರೀಖು ಬರೆದ. ನಾನು ತಲೆಕೆಳಗಾಗಿಯೇ ಓದಿ, "ಸಾರ್, ತಪ್ಪು. ಅದು ಬುಧವಾರದ್ದು. ಮಗು ಹುಟ್ಟಿದ್ದು ಮಂಗಳವಾರ" ಅಂದೆ.

"ಟೈಮ್ ನಾಲ್ಕು ಹತ್ತು ಎ.ಎಂ. ತಾನೇ ಮ್ಯಾಡಂ?"

"ಹೌದು. ಸೂರ್ಯೋದಯಕ್ಕೆ ಮುಂಚೆ."

ಅವನು ನಕ್ಕ. "ಮ್ಯಾಡಂ, ನೀವು ಇಂಗ್ಲಿಷ್ ಟೀಚರ್ ಅಂತ ಆಯಾ ಹೇಳಿದ್ಲು! ಪಂಚಾಂಗ ನಿಮ್ಮ ಪೂಜೆ ವಾದ್ಯಾರ್ ಹತ್ತಿರ ಇಟ್ಕೊಳ್ಳಿ. ಕಾರ್ಪೊರೇಷನ್‌ಗೆ ಹನ್ನೆರಡು ಹೊಡೆದ್ರೆ ಬುಧವಾರ. ಇಡೀ ವರ್ಲ್ಡ್‌ಗೂ ಅಷ್ಟೆ."

ನಾನು ಫಾರಂಗೆ ಸೈನ್ ಹಾಕಿದೆ. ಆ ಜನ ವಾರವನ್ನು ಎಲ್ಲಿಂದ ಎಣಿಸುತ್ತಾರೆ, ಸೂರ್ಯನಿಂದಲೋ ಗಡಿಯಾರದಿಂದಲೋ? ಮೂರು ತಿಂಗಳು ದಿನಾ ಅವಳ ಜೊತೆ ಕೂತು ರಾಣಿಯರ ಕಥೆ ಕೇಳಿದ್ದೆ, ಇದೊಂದನ್ನು ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ. ಎರಡು ಜಡೆ, ಬಿಳಿ ಸಾಕ್ಸು ಹಾಕಿಕೊಂಡು ಎಂಟು ವರ್ಷ ಗಡಿಯಾರದ ಗಂಟೆಗೆ ಎದ್ದು ಕೂತವಳು ನಾನು. ಆದರೂ ಆ ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತಾಗ ಲೆಕ್ಕ ಹಾಕಿದ್ದು ನಮ್ಮಪ್ಪನ ನೋಟ್‌ಬುಕ್ಕು.

ನೇರವಾಗಿ ಮೇಲೆ ಹೋಗಿ ಅವಳನ್ನು ಕೇಳಬಹುದಿತ್ತು. ಹೋದೆ ಕೂಡ. ಅವಳು ನನ್ನನ್ನು ಕಂಡದ್ದೇ, "ಆಂಟಿ, ಮೂವತ್ತು ಗ್ರಾಂ ಜಾಸ್ತಿ ಆಗಿದ್ದಾಳೆ! ಹೆಸರು ಕೇಳಿಸ್ತಿದೆ ಅವಳಿಗೆ" ಅಂದಳು. "ನಾಳೆ ಎಂಟನೇ ದಿನ. ಹೊರಗೆ ತರಕ್ಕಾಗಲ್ಲ, ಕಿಟಕಿ ಪರದೆ ಸರಿಸಿ ಆಕಾಶ ತೋರಿಸ್ತೀನಿ. ಸಿಸ್ಟರ್ ಒಪ್ಪಿದ್ದಾರೆ. ನೀರು ಹನಿಸೋದು ನೀವೇ."

ನಾಳೆ ಹೇಳೋಣ ಅಂದುಕೊಂಡೆ. ನಾಳೆ, ಆಕಾಶ ತೋರಿಸುವ ಮುಂಚೆ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ನಾನು ಮೆಟ್ಟಿಲು ಹತ್ತುತ್ತಿದ್ದಾಗ ಅವಳ ಕೂಗು ಕೇಳಿಸಿತು. ಏಳೂ ಮುಕ್ಕಾಲಿಗೆ ಉಸಿರು ನಿಂತಿತ್ತಂತೆ. ಡಾಕ್ಟರಮ್ಮ ಅಲ್ಲೇ ನಿಂತು ಏನೆಲ್ಲ ಮಾಡಿದ್ದರು, ಆಗಲಿಲ್ಲ. ಮಗುವನ್ನು ಬಿಳಿ ಟವೆಲಿನಲ್ಲಿ ಸುತ್ತಿ ಅವಳ ಕೈಗೆ ಕೊಟ್ಟಿದ್ದರು. ಅವಳು ಹಾಗೆ ಅಳುವುದನ್ನು ನಾನು ಕೇಳಿರಲಿಲ್ಲ. ಒಂದು ಸಾಲು ಹಾಡಿನಂತೆ ಏರಿ, ಮುರಿದು, ಮತ್ತೆ ಶುರುವಾಗುತ್ತಿತ್ತು. ಬಾಗಿಲಲ್ಲಿ ಆಯಾ ಸೆರಗು ಬಾಯಿಗಿಟ್ಟುಕೊಂಡಿದ್ದಳು.

ನನ್ನನ್ನು ಕಂಡು ನನ್ನ ಸೀರೆ ಹಿಡಿದುಕೊಂಡಳು. "ಎಂಟನೇ ದಿನ, ಆಂಟಿ. ಎಂಟನೇ ದಿನದ ಬೆಳಕು ನೋಡಿದ್ಳು. ಸೂರ್ಯ ಬಂದಿದ್ದ, ನಾನೇ ಪರದೆ ಸರಿಸಿದ್ದೆ. ಅವಳು ಮನುಷ್ಯಳು. ಇವಳಿಗೆ ನಾನು ಅಳಬಹುದು."

ಬುಧವಾರದಿಂದ ಎಣಿಸಿದರೆ ಏಳು. ನನ್ನ ಮನಸ್ಸು ಆ ಹೊತ್ತಿನಲ್ಲೂ ಬೆರಳು ಮಡಚಿ ಎಣಿಸಿತು. ಬಾಯಿ ಮಾತ್ರ, "ಅಳು ಮಗು, ಅಳು" ಎಂದಿತು.

ಅವಳು ಗಂಡನ ಜೊತೆ ಕ್ರೋಂಪೇಟೆಯ ಚರ್ಚಿಗೆ ಹೋಗುತ್ತಿದ್ದಳು. ಅಲ್ಲಿಯವರು ಇಬ್ಬರು ಬಂದು ಮಗುವನ್ನು ತೆಗೆದುಕೊಂಡು ಹೋಗಿ ಅಲ್ಲಿನ ಸಿಮೆಟ್ರಿಯಲ್ಲಿ ಮಣ್ಣು ಮಾಡಿದರು. ನಾನು ಅವಳ ಜೊತೆ ಉಳಿದೆ. ಶಿಲುಬೆಯ ಮೇಲೆ ಅಬೆನಾ ಎಂದು ಬರೆಸಬೇಕೆಂದು ಅವಳು ಅವರಿಗೆ ಎರಡು ಸಲ ಹೇಳಿದಳು. ಊರಿಗೆ ಫೋನ್ ಹೋಯಿತು. ಅಲ್ಲಿ ಅವಳ ತಾಯಿಯೂ ಅಳಲು ಶುರು ಮಾಡಿದರಂತೆ. ಮೊದಲನೆಯದಕ್ಕೂ ಸೇರಿಸಿ ಅಳುತ್ತಿದ್ದಾರೆ ಅನ್ನಿಸಿತಂತೆ ಇವಳಿಗೆ.

ಗಂಡ ಶುಕ್ರವಾರ ವಾಪಸ್ಸು ಬಂದ. ತಂದೆಗಾಗಿ ಬೋಳಿಸಿದ್ದ ತಲೆ, ಕಪ್ಪು ಬಟ್ಟೆ. ಅವಳಿಗೂ, ಅವರಲ್ಲಿ ಸಾವಿಗೆ ಉಡುವ ಕಪ್ಪು ಕೆಂಪಿನ ಬಟ್ಟೆ ತಂದಿದ್ದ. ಅವನು ಟ್ಯಾನರಿಗೆ ಹೋದ ಮೇಲೆ, ದಿನಾ ಮಧ್ಯಾಹ್ನ ಮೂರಕ್ಕೆ, ಅವಳು ಅದನ್ನುಟ್ಟು ಮಹಡಿಯ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಅರ್ಧ ಗಂಟೆ. ಆಮೇಲೆ ಮುಖ ತೊಳೆದುಕೊಂಡು ಅಡಿಗೆಗೆ ಹೋಗುತ್ತಿದ್ದಳು. ಪಕ್ಕದ ಮಾಮಿ ಒಂದು ದಿನ ರಸಂ ಪಾತ್ರೆ ಹಿಡಿದು ಬಂದು, ಹೇಗೆ ಕೊಡುವುದೆಂದು ತಿಳಿಯದೆ ಒಂದು ಮೆಟ್ಟಿಲು ಕೆಳಗೆ ಕೂತು ತಾನೂ ಅತ್ತಳು. ದಿನದಿಂದ ದಿನಕ್ಕೆ ಆ ಅಳು ಸ್ವಲ್ಪ ಸ್ವಲ್ಪವೇ ಚಿಕ್ಕದಾಗುತ್ತ ಬಂತು. ಬಿಟ್ಟಿದ್ದರೆ ತಾನಾಗಿಯೇ ಮುಗಿಯುತ್ತಿತ್ತು.

ನಾನು ಬಿಡಲಿಲ್ಲ.

ಸರ್ಟಿಫಿಕೇಟು ಬರುತ್ತದೆ, ಅದರಲ್ಲಿ ತಾರೀಖು ಇರುತ್ತದೆ, ಅವರಿಗೆ ಗೊತ್ತಾಗಿಯೇ ಆಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನೆಪ. ಯಾರು ಕ್ಯಾಲೆಂಡರ್ ತೆಗೆದು ವಾರ ನೋಡುತ್ತಿದ್ದರು? ನನಗೆ ಹಗುರಾಗಬೇಕಿತ್ತು. ಕಾನ್ವೆಂಟಿನಲ್ಲಿ ಕ್ಯಾಥಲಿಕ್ ಹುಡುಗಿಯರು ಕನ್ಫೆಷನ್ನಿಗೆ ಸಾಲಾಗಿ ನಿಂತು, ಒಬ್ಬೊಬ್ಬರೇ ಒಳಗೆ ಹೋಗಿ, ತೊಳೆದಿಟ್ಟ ತಟ್ಟೆಯ ಹಾಗೆ ಮುಖ ಮಾಡಿಕೊಂಡು ಹೊರಗೆ ಬರುತ್ತಿದ್ದರು. ಹಿಂದೂ ಹುಡುಗಿಯರಾದ ನಮಗೆ ಆ ಸಾಲಿನಲ್ಲಿ ಜಾಗವಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಹೇಳಿಬಿಟ್ಟರೆ ಹೋಗುತ್ತದೆ ಎಂಬುದನ್ನು ನನ್‌ಗಳು ನನಗೆ ಪಾಠ ಮಾಡದೆಯೇ ಕಲಿಸಿದ್ದರು. ಹೇಳಿದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಾತ್ರ ಕಲಿಸಿರಲಿಲ್ಲ.

ಮೂರು ವಾರವಾದ ಮೇಲೆ ಒಂದು ಮಧ್ಯಾಹ್ನ, ಅವಳು ಮುಖ ತೊಳೆದುಕೊಂಡು ಬಂದಾಗ, ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ನಾಲ್ಕು ಹತ್ತು, ನಮ್ಮ ಲೆಕ್ಕ, ಗುಮಾಸ್ತ, ಸೋಮವಾರ ಗೊತ್ತಾದರೂ ಹೇಳದೆ ಇದ್ದದ್ದು. "ನಿಮ್ಮಲ್ಲಿ ಹೇಗೆ? ಸೂರ್ಯನಿಂದ ಎಣಿಸ್ತೀರೋ ಏನೋ" ಎಂದು ಕೊನೆಗೆ ಆಸೆಯಿಂದ ಕೇಳಿದೆ.

"ಗಡಿಯಾರ, ಆಂಟಿ" ಅಂದಳು. "ನಮ್ಮಮ್ಮ ಹೆರಿಗೆ ನರ್ಸು. ಗಡಿಯಾರ ನೋಡಿಯೇ ಬರೆಯೋದು." ಬೆರಳುಗಳನ್ನು ಒಂದೊಂದಾಗಿ ತೊಡೆಯ ಮೇಲೆ ಒತ್ತಿ ಎಣಿಸಿದಳು. ಏಳರಲ್ಲಿ ನಿಂತಿತು. "ಅಕುವಾ" ಅಂದಳು, ಯಾರೋ ಅಪರಿಚಿತರ ಹೆಸರು ಓದುವವಳ ಹಾಗೆ. "ನಾವು ಇನ್ಯಾರನ್ನೋ ಕರೀತಿದ್ವಿ. ಅವಳು ಒಳಗೆ ಕಾಯ್ತಿದ್ಳು."

"ಅದರಿಂದ ಅಲ್ಲ ಮಗು. ತಿಂಗಳು ತುಂಬಿರಲಿಲ್ಲ, ಡಾಕ್ಟರೇ ಹೇಳಿದ್ರಲ್ಲ..."

"ನನಗೆ ಗೊತ್ತು ಆಂಟಿ. ನಾನು ಬಿ.ಎಸ್ಸಿ." ನನ್ನ ಕಡೆ ತಿರುಗಿದಳು. ಕೋಪವಿದ್ದಿದ್ದರೆ ಚೆನ್ನಾಗಿತ್ತು. "ನೀವು ಇದನ್ನ ನನಗೆ ಯಾಕೆ ಹೇಳಿದ್ರಿ?"

ನಾನು, ಸತ್ಯ, ಪ್ರಾಮಿಸ್, ಮನಸ್ಸಾಕ್ಷಿ ಎಂದೇನೋ ತಡವರಿಸಿದೆ.

"ನಿಮಗೆ ಭಾರ ಆಯ್ತು. ತಂದು ನನ್ನ ತಲೆ ಮೇಲೆ ಇಟ್ರಿ" ಅಂದಳು. "ಇವರಿಗೆ ಹೇಳಬೇಡಿ. ಊರಲ್ಲಿ ಎಲ್ಲ ಅತ್ತು ಮುಗಿಸಿದ್ದಾರೆ. ಅವರದು ಹಾಗೇ ಇರಲಿ."

ಮಾರನೆಯ ದಿನ ಮೂರಕ್ಕೆ ಮಹಡಿಯಿಂದ ಅಳು ಕೇಳಿಸಲಿಲ್ಲ. ನಾಲ್ಕಕ್ಕೆ ಅವಳು ಇಳಿದು ಬಂದಳು, ಬಿಳಿ ಬಟ್ಟೆಯಲ್ಲಿ. ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮಾಮಿ ನೋಡಿ, ಈ ಊರಿನ ಅರ್ಥದಲ್ಲಿ ಬಿಳಿಯನ್ನು ಓದಿಕೊಂಡು, "ಅಯ್ಯೋ, ಅವಳ ಗಂಡ?" ಎಂದು ನನ್ನನ್ನು ಕೇಳಿದಳು. ಹಾಗೇನಿಲ್ಲ ಅಂದೆ. ಹುಡುಗಿ ಅಂಗಡಿಗೆ ಹೋಗಿ ಕಡಲೆಕಾಯಿ ಬೀಜ ತಂದಳು. ರಾತ್ರಿಯೂಟಕ್ಕೆ ಸಾರು ಮಾಡಿದಳು. ನನಗೂ ಒಂದು ಬಟ್ಟಲು ಕೊಟ್ಟಳು. ತಿಂದೆ.

ಗಂಡ ಏನು ಕೇಳಿದನೋ, ಅವಳು ಏನು ಹೇಳಿದಳೋ ಗೊತ್ತಿಲ್ಲ. ಅವಳು ಬಿಳಿಯಲ್ಲೇ ಇದ್ದಳು. ನಗುತ್ತಿದ್ದಳು ಕೂಡ, ಹಬ್ಬದ ದಿನ ನೆಂಟರೆದುರು ನಗುವ ಹಾಗೆ. ಹತ್ತು ದಿನದಲ್ಲಿ ಕೆನ್ನೆ ಒಳಗೆ ಹೋಯಿತು. ಹಾಲಿನವನು ಕೂಗಿದರೆ ಈಗ ಅವಳು ಇಳಿದು ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಗಂಡ ಹೋದ ಮೇಲೆ ನನ್ನ ಅಡಿಗೆಮನೆಗೆ ಬಂದಳು. ಹೊಸ್ತಿಲ ಮೇಲೆ ಕೂರಲಿಲ್ಲ, ನಿಂತೇ ಮಾತಾಡಿದಳು.

"ನನಗೆ ಅಳಕ್ಕೆ ಆಗಲ್ಲ. ಅವಳನ್ನ ಮಣ್ಣು ಮಾಡಿದಲ್ಲಿಗೆ ಹೋಗಕ್ಕೂ ಆಗಲ್ಲ. ನೀವು ನಮ್ಮವರಲ್ಲ, ನಿಮ್ಮನ್ನ ಯಾವ ಕಟ್ಟೂ ತಡೆಯಲ್ಲ. ತಪ್ಪು ಹೆಸರು ಕರೆದವರು ನೀವು. ಹೋಗಿ ಸರಿಯಾದದ್ದು ಕರೀರಿ. ಜೋರಾಗಿ. ಆಮೇಲೆ ಅಳಬೇಕು, ಆಂಟಿ. ಕಣ್ಣೊರೆಸಿಕೊಳ್ಳೋದಲ್ಲ. ತಾಯಿ ಅಳೋ ಹಾಗೆ."

ಹೋದೆ. ಮೈಲಾಪೂರಿನಿಂದ ಆಗ ಹೊಸದಾಗಿದ್ದ ಸೇತುವೆ ಮೇಲಿನ ರೈಲು, ಫೋರ್ಟ್ ಸ್ಟೇಷನ್ನಿನಲ್ಲಿ ಇಳಿದು ಕ್ರೋಂಪೇಟೆಯ ಲೋಕಲ್ಲು. ಬಿಸಿಲು ಇಳಿದಿರಲಿಲ್ಲ. ಸ್ಟೇಷನ್ನಿನಲ್ಲಿ ಇಳಿದಾಗ ಅವಳ ಗಂಡನ ಬಟ್ಟೆಯ ವಾಸನೆಯೇ ಗಾಳಿಯಲ್ಲಿತ್ತು. ಸಿಮೆಟ್ರಿಯ ಕಾವಲುಗಾರ, ಸಣ್ಣವೆಲ್ಲ ಆ ಗೋಡೆ ಪಕ್ಕ ಪಾಟಿ, ಎಂದು ಅಜ್ಜಿಗೆ ಹೇಳುವ ಹಾಗೆ ತೋರಿಸಿದ. ಹುಡುಕುವ ಕಷ್ಟವೇನಾಗಲಿಲ್ಲ. ಮೊಳದುದ್ದದ ಮರದ ಶಿಲುಬೆ, ಬಿಳಿ ಪೇಂಟಿನಲ್ಲಿ ಇಂಗ್ಲಿಷ್ ಅಕ್ಷರಗಳು: ಅಬೆನಾ.

ಆ ಹೆಸರಿನ ಮುಂದೆ ನಿಂತು "ಅಕುವಾ" ಎಂದು ಕರೆದೆ. ದನಿ ಹೊರಡಲಿಲ್ಲ. ಎರಡನೆಯ ಸಲ ಹೊರಟಿತು. ಮೂರನೆಯದಕ್ಕೆ ಕಾವಲುಗಾರ ತಿರುಗಿ ನೋಡಿದ. ಗೋಡೆಯಾಚೆ ರೈಲೊಂದು ಹೋಯಿತು. ಅದು ಹೋಗುವವರೆಗೆ ಕಾದು ಇನ್ನೊಮ್ಮೆ ಕರೆದೆ.

ಅಳು ಮಾತ್ರ ಬರಲಿಲ್ಲ. ಮಣ್ಣಿನ ಮೇಲೆ ಕೂತೆ. ಮಗುವಿನ ಎದೆ ಹೊಡೆದುಕೊಳ್ಳುತ್ತಿದ್ದದ್ದನ್ನು ನೆನಪಿಸಿಕೊಂಡೆ. ಹೆರದ ನನ್ನ ಮಕ್ಕಳನ್ನು, ನಮ್ಮ ಯಜಮಾನರ ಕೊನೆಯ ದಿನವನ್ನು, ಸಿಕ್ಕಿದ್ದನ್ನೆಲ್ಲ ನೆನಪಿಸಿಕೊಂಡೆ. ನಾಲ್ಕು ಜನರೆದುರು ಅಳಬಾರದು, ಕರ್ಚೀಫು ತೋಳಿನೊಳಗೆ ಮಡಚಿಟ್ಟುಕೊಂಡಿರಬೇಕು ಎಂದು ಕಲಿತ ಮೈ. ಬಾಯಿ ತೆರೆದರೆ ಒಂದು ಒಣ ಸದ್ದು ಬಂತು, ಕೆಮ್ಮಿನ ಹಾಗೆ. ಕಾವಲುಗಾರ ಓಡಿಬಂದು ನೀರಿನ ಚೊಂಬು ಕೊಟ್ಟ. "ಮೊಮ್ಮಗುವಾ ಪಾಟಿ?" ಅಂದ. ನೀರು ಕುಡಿದು, ಎದ್ದು, ಸೀರೆಯ ಮಣ್ಣು ಕೊಡವಿಕೊಂಡು ಸ್ಟೇಷನ್ನಿಗೆ ನಡೆದೆ.

ಅವಳು ಮೆಟ್ಟಿಲ ಮೇಲೆ ಕಾಯುತ್ತಿದ್ದಳು.

"ಕರೆದ್ರಾ?"

"ಕರೆದೆ. ನಾಲ್ಕು ಸಲ."

"ಅತ್ರಾ?"

"ಅತ್ತೆ."

"ಜೋರಾಗಿ?"

"ಜೋರಾಗಿ. ಕಾವಲುಗಾರ ಓಡಿಬಂದ."

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಾನು ಕಣ್ಣು ತಗ್ಗಿಸಲಿಲ್ಲ. ಆಮೇಲೆ ಅವಳ ಹೆಗಲು ಒಂದಿಷ್ಟು ಇಳಿಯಿತು. ಥ್ಯಾಂಕ್ಯೂ ಆಂಟಿ ಎಂದು ಹೇಳಿ, ಗೋಡೆ ಹಿಡಿದುಕೊಂಡು ಮೇಲೆ ಹೋದಳು.

ಎರಡು ತಿಂಗಳಿಗೆ ಗಂಡನ ಟ್ರೈನಿಂಗ್ ಮುಗಿದು ಅವರು ಊರಿಗೆ ಹೋದರು. ಆ ಎರಡು ತಿಂಗಳೂ ನಾನು ಅವಳಿಗೆ ದಿನಾ ಕಾಫಿ ಕೊಟ್ಟೆ, ಏರ್‌ಪೋರ್ಟಿನವರೆಗೂ ಜೊತೆಗೆ ಹೋದೆ, ನಿಜ ಹೇಳಲಿಲ್ಲ.